ಹಳೆಯ ರಿವಾಲ್ವರಿಗೆ ಹೊಸ ಹಿತ್ತಾಳೆ

ಯಂತ್ರಗಳಿಗೆ ಎರಡು ಬಗೆಯ ಮುಪ್ಪು ಉಂಟು. ಅಂಗಾಂಗಗಳು ಸವೆದು, ತುಕ್ಕು ಹಿಡಿದು ಬರುವ ಮುಪ್ಪು ಒಂದು. ಯಂತ್ರ ಗಟ್ಟಿಮುಟ್ಟಾಗಿಯೇ ಇದ್ದರೂ ಅದಕ್ಕೆ ಉಣಿಸಬೇಕಾದ ವಸ್ತು ಪೇಟೆಯಲ್ಲಿ ದೊರೆಯದೆ ಹೋಗುವುದರಿಂದ ಬರುವ ಮುಪ್ಪು ಇನ್ನೊಂದು. ಮುಳ್ಳು ಸಿಗದ ಗ್ರಾಮಫೋನು, ಫಿಲ್ಮು ಸಿಗದ ಕ್ಯಾಮರಾ ಈ ಎರಡನೆಯ ಬಗೆಯವು. ನೂರು ವರ್ಷ ಹಿಂದಿನ ರಿವಾಲ್ವರುಗಳ ಸ್ಥಿತಿಯೂ ಇದೇ. ಉಕ್ಕು ಇನ್ನೂ ಉಕ್ಕಾಗಿಯೇ ಉಳಿದಿದೆ. ಆದರೆ ಅದಕ್ಕೆಂದು ಅಳತೆಮಾಡಿ ಮಾಡಿದ ತೋಟಾಗಳನ್ನು ತಯಾರಿಸುತ್ತಿದ್ದ ಕಾರ್ಖಾನೆಗಳು ಅವನ್ನು ನಿಲ್ಲಿಸಿ ಎಷ್ಟೋ ಕಾಲವಾಯಿತು. ಇಂಥ ಕೋವಿಗಳನ್ನು ಸಂಗ್ರಹಿಸಿ, ಕಾನೂನು ಅನುಮತಿಸುವೆಡೆ ಗುರಿಮೈದಾನದಲ್ಲಿ ಆಗೀಗ ಹಾರಿಸಿ ಸಂತೋಷಪಡುವ ಹವ್ಯಾಸಿಗಳು ಅಮೆರಿಕದಲ್ಲಿಯೂ ಕೆನಡಾದಲ್ಲಿಯೂ ಯೂರೋಪಿನ ಕೆಲವು ದೇಶಗಳಲ್ಲಿಯೂ ಬಹುಮಂದಿ ಇದ್ದಾರೆ. ಅವರು ಎದುರಿಸುವ ಮೊದಲ ಪ್ರಶ್ನೆ ಇದು: ಮೂಲದ ಹಿತ್ತಾಳೆಯ ಕೋಶ ಸಿಗದಾಗ ಅದರ ಸ್ಥಾನದಲ್ಲಿ ಯಾವ ಕೋಶವನ್ನು ಇಡಬಹುದು? ಮೇಲ್ನೋಟಕ್ಕೆ ಸಣ್ಣದಾದ ಈ ಪ್ರಶ್ನೆಯಲ್ಲಿ ಲೋಹಶಾಸ್ತ್ರ, ಇತಿಹಾಸ, ಕಾನೂನು ಮೂರೂ ಹೆಣೆದುಕೊಂಡಿವೆ. ಉತ್ತರ ತಪ್ಪಿದರೆ ಹೋಗುವುದು ಬೆರಳು, ಕಣ್ಣು.

ನಮ್ಮ ಮಲೆನಾಡಿನವರು ಕೇಪಿನ ಕೋವಿ, ತೋಟಾ ಕೋವಿ ಎಂದು ಭೇದ ಮಾಡುತ್ತಾರಷ್ಟೆ. ಕೇಪಿನ ಕೋವಿಯಲ್ಲಿ ಮದ್ದು, ಗುಂಡು, ಕೇಪು ಬೇರೆ ಬೇರೆ. ಒಂದೊಂದನ್ನೂ ಕೈಯಾರೆ ತುಂಬಬೇಕು. ತೋಟಾದಲ್ಲಿ ಈ ಮೂರನ್ನೂ ಒಂದು ಕೋಶ ತನ್ನೊಳಗೆ ಹಿಡಿದುಕೊಂಡಿರುತ್ತದೆ. ಕುದುರೆ ಬಿದ್ದು ಕೇಪು ಸಿಡಿದು ಮದ್ದು ಉರಿದು ಗುಂಡು ಹೊರಟುಹೋದ ಮೇಲೆ ಉಳಿಯುವುದು ಆ ಖಾಲಿ ಕೋಶ ಮಾತ್ರ. ಅದಕ್ಕೆ ಹೊಸ ಕೇಪು, ಮದ್ದು, ಗುಂಡುಗಳನ್ನು ಕೂಡಿಸಿ ಮತ್ತೆ ತೋಟಾ ಮಾಡುವುದನ್ನೇ ಮರುಭರ್ತಿ ಎನ್ನುತ್ತೇವೆ. ಮೂರು ವಸ್ತುಗಳು ಪ್ರತಿಸಲವೂ ಹೊಸವು. ಮತ್ತೆ ಮತ್ತೆ ಬಳಕೆಯಾಗುವುದು ಕೋಶವೊಂದೇ. ಆದುದರಿಂದ ಈ ಹವ್ಯಾಸದ ಬುನಾದಿಯೇ ಕೋಶ.

ಕೋಶವೆಂದರೆ ಬರಿಯ ಡಬ್ಬಿಯಲ್ಲ. ಮದ್ದು ಉರಿದಾಗ ಹುಟ್ಟುವ ಅನಿಲದ ಒತ್ತಡಕ್ಕೆ ಅದರ ತೆಳುವಾದ ಗೋಡೆ ಉಬ್ಬಿ, ಉಕ್ಕಿನ ಗೂಡಿನ ಒಳಮೈಗೆ ಬಿಗಿಯಾಗಿ ಒತ್ತಿಕೊಳ್ಳುತ್ತದೆ. ಹೀಗೆ ಒತ್ತಿಕೊಳ್ಳುವುದರಿಂದಲೇ ಉರಿಯುವ ಅನಿಲ ಹಿಂದಕ್ಕೆ, ಹಾರಿಸುವವನ ಮುಖದ ಕಡೆಗೆ ನುಗ್ಗುವುದಿಲ್ಲ. ಒತ್ತಡ ಇಳಿದೊಡನೆ ಗೋಡೆ ಕೊಂಚ ಕುಗ್ಗುತ್ತದೆ; ಖಾಲಿ ಕೋಶ ಸಲೀಸಾಗಿ ಹೊರಗೆ ಬರುತ್ತದೆ. ಉಬ್ಬುವ ಗುಣ, ಮರಳಿ ಕುಗ್ಗುವ ಗುಣ ಎರಡೂ ಹದವಾಗಿ ಕೂಡಿರುವುದು ಹಿತ್ತಾಳೆಯಲ್ಲಿ, ಅದರಲ್ಲಿಯೂ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು ಬೆರೆತ ಹಿತ್ತಾಳೆಯಲ್ಲಿ. ಈ ಬೆರಕೆಗೆ ಇಂಗ್ಲಿಷಿನಲ್ಲಿ ತೋಟಾದ ಹಿತ್ತಾಳೆ ಎಂಬ ಹೆಸರೇ ನಿಂತುಬಿಟ್ಟಿದೆ. ಕೋಶದ ಬಾಯಿ ಮೆದುವಾಗಿಯೂ ಬುಡ ಗಡುಸಾಗಿಯೂ ಇರಬೇಕು. ಬಾಯಿ ಗಡುಸಾದರೆ ಸೀಳುತ್ತದೆ. ಬುಡ ಮೆದುವಾದರೆ ಅಪಾಯ ಅದಕ್ಕಿಂತ ದೊಡ್ಡದು, ಏಕೆಂದರೆ ಬುಡಕ್ಕೆ ಉಕ್ಕಿನ ಆಸರೆ ಎಲ್ಲ ಕಡೆಯಿಂದಲೂ ಇಲ್ಲ.

ಮಾತು ಸ್ಪಷ್ಟವಾಗಲು ಒಂದು ನಿದರ್ಶನವನ್ನೇ ಹಿಡಿಯೋಣ. ಬ್ರಿಟಿಷ್ ಸೈನ್ಯ 1887ರಲ್ಲಿ ವೆಬ್ಲಿ ರಿವಾಲ್ವರನ್ನು ಅಂಗೀಕರಿಸಿತು. ಅದರ ಕೊನೆಯ ದೊಡ್ಡ ರೂಪವಾದ ಆರನೆಯ ಮಾದರಿ 1915ರಲ್ಲಿ, ಮೊದಲನೆಯ ಮಹಾಯುದ್ಧದ ನಡುವೆ ಬಂದಿತು. ನಳಿಗೆಯನ್ನು ಕೆಳಕ್ಕೆ ಬಾಗಿಸಿದರೆ ಆರು ಖಾಲಿ ಕೋಶಗಳೂ ಒಮ್ಮೆಲೇ ಹೊರಕ್ಕೆ ಜಿಗಿಯುವ ಏರ್ಪಾಡು ಅದರಲ್ಲಿದೆ. ಅದರ ತೋಟಾಕ್ಕೆ .455 ಎಂದು ಹೆಸರು. ಮೊದಲು ಕಪ್ಪು ಮದ್ದಿಗೆಂದು ಮಾಡಿದ ಈ ತೋಟಾದ ಕೋಶ ಸುಮಾರು 22 ಮಿಲಿಮೀಟರ್ ಉದ್ದವಾಗಿತ್ತು. ಹೊಗೆಯಿಲ್ಲದ ಕಾರ್ಡೈಟ್ ಮದ್ದು ಬಂದ ಮೇಲೆ ಅಷ್ಟು ಜಾಗ ಬೇಡವಾಯಿತು; 1897ರಲ್ಲಿ ಕೋಶವನ್ನು ಸುಮಾರು 19 ಮಿಲಿಮೀಟರಿಗೆ ಮೊಟಕುಗೊಳಿಸಿದರು. 1947ರಲ್ಲಿ ಬ್ರಿಟಿಷ್ ಸೈನ್ಯ ಈ ಆಯುಧವನ್ನು ಬಳಕೆಯಿಂದ ಕೈಬಿಟ್ಟಿತು. ಕೋವಿಗಳು ಸಾವಿರಗಟ್ಟಲೆ ಉಳಿದುವು; ತೋಟಾ ಅಪರೂಪವಾಯಿತು. ಇಟಲಿಯ ಫಿಯೋಕಿ ಕಾರ್ಖಾನೆಯಂಥ ಕೆಲವೇ ಕಡೆ ಬಳಿಕವೂ ಅದನ್ನು ಮಾಡಿದರು.

ಈಗ ಬದಲಿ ಕೋಶವನ್ನು ಹುಡುಕುವವನು ಏನನ್ನು ನೋಡಬೇಕು? ಮೊದಲು ನೋಡಬೇಕಾದುದು ಬುಡದ ದಪ್ಪ. ಕೋಶ ಉದ್ದವಾಗಿದ್ದರೆ ಕತ್ತರಿಸಬಹುದು. ಬಾಯಿ ಅಗಲವಾಗಿದ್ದರೆ ಅಚ್ಚಿನಲ್ಲಿ ಒತ್ತಿ ಕಿರಿದುಮಾಡಬಹುದು. ಆದರೆ ಗಟ್ಟಿಯಾದ ಬುಡವನ್ನು ಹಿಗ್ಗಿಸಲಾಗದು, ಕುಗ್ಗಿಸುವುದೂ ಸುಲಭವಲ್ಲ. .455ರ ಬುಡದ ವ್ಯಾಸ ಸುಮಾರು 12.2 ಮಿಲಿಮೀಟರ್. ಅಮೆರಿಕದಲ್ಲಿ 1873ರಿಂದ ಬಳಕೆಯಲ್ಲಿರುವ, ಇಂದಿಗೂ ಹೇರಳವಾಗಿ ತಯಾರಾಗುವ .45 ಕೋಲ್ಟ್ ತೋಟಾದ ಬುಡವೂ ಹೆಚ್ಚುಕಡಿಮೆ ಅಷ್ಟೇ. ಅದರ ಉದ್ದ ಸುಮಾರು 32.6 ಮಿಲಿಮೀಟರ್, ಬೇಕಾದುದು 19. ಮಿಕ್ಕುದನ್ನು ಕತ್ತರಿಸಿ ತೆಗೆದರೆ ಕೋಶ ಗೂಡಿನಲ್ಲಿ ಕುಳಿತುಕೊಳ್ಳುತ್ತದೆ. ಬಹುಕಾಲ ಹವ್ಯಾಸಿಗಳು ಹಿಡಿದ ದಾರಿ ಇದೇ.

ಕುಳಿತುಕೊಳ್ಳುತ್ತದೆ ಎಂದೆವು, ಆದರೆ ಅಲ್ಲಿಗೆ ಕೆಲಸ ಮುಗಿಯುವುದಿಲ್ಲ. ಕೋಶದ ಬುಡದಲ್ಲಿ ಹೊರಚಾಚಿದ ಒಂದು ಅಂಚು ಇರುತ್ತದೆ. ತೋಟಾ ಗೂಡಿನೊಳಗೆ ಜಾರಿಹೋಗದಂತೆ ತಡೆಯುವುದು ಈ ಅಂಚು. ಖಾಲಿ ಕೋಶವನ್ನು ಹಿಡಿದು ಎಳೆಯಲು ಹಿಡಿಕೆಯಾಗುವುದೂ ಇದೇ. ವೆಬ್ಲಿಯ ಅಂಚಿನ ದಪ್ಪ ಸುಮಾರು ಒಂದು ಮಿಲಿಮೀಟರ್. ಕೋಲ್ಟಿನದು ಸುಮಾರು ಒಂದೂವರೆ. ಅರ್ಧ ಮಿಲಿಮೀಟರ್ ಏನು ಮಹಾ ಎನ್ನಬಹುದು. ಆದರೆ ಸಿಲಿಂಡರಿಗೂ ಅದರ ಹಿಂದಿನ ಉಕ್ಕಿನ ಗೋಡೆಗೂ ನಡುವೆ ಇರುವ ಎಡೆ ಅಷ್ಟು ಕಡಿಮೆ. ದಪ್ಪ ಅಂಚಿನ ಕೋಶ ಅಲ್ಲಿ ಸಿಕ್ಕಿಕೊಂಡು ಸಿಲಿಂಡರು ತಿರುಗುವುದೇ ಇಲ್ಲ. ಆದುದರಿಂದ ಅಂಚನ್ನು ಕಡೆದು ತೆಳುಮಾಡಬೇಕು. ಎಲ್ಲಿ ಕಡೆಯಬೇಕೆಂಬುದೂ ವಿವೇಕದ ವಿಷಯ. ಹಿಂಬದಿಯಲ್ಲಿ ಕಡೆದರೆ ಕೇಪು ಕೂರುವ ಗುಳಿಯ ಆಳ ಕಡಿಮೆಯಾಗಿ ಕೇಪು ಹೊರಗೆ ತಲೆ ಹಾಕುತ್ತದೆ. ಹೀಗೆ ಚಾಚಿದ ಕೇಪು ಯಾವುದಾದರೊಂದು ಪೆಟ್ಟಿಗೆ ಅಕಾಲದಲ್ಲಿ ಸಿಡಿಯಬಹುದು. ಆದುದರಿಂದ ಬಲ್ಲವರು ಅಂಚಿನ ಮುಂಬದಿಯನ್ನು ಕಡೆಯುತ್ತಾರೆ. ಇನ್ನು ಅಂಚಿನ ಅಗಲ: ವೆಬ್ಲಿಯದು ಸುಮಾರು 13.6 ಮಿಲಿಮೀಟರ್, ಕೋಲ್ಟಿನದು ಸುಮಾರು 13. ಕೋಶಗಳನ್ನು ಎತ್ತಿ ಎಸೆಯುವ ನಕ್ಷತ್ರಾಕಾರದ ತುಂಡಿಗೆ ಹಿಡಿತ ಸಾಲದೆ ಆಗೊಮ್ಮೆ ಈಗೊಮ್ಮೆ ಕೋಶ ಅದರ ಕೆಳಕ್ಕೆ ಜಾರುವುದು ಇದರಿಂದಲೇ. ಇದು ಅಪಾಯವಲ್ಲ, ತೊಂದರೆ, ಸಹಿಸಬಹುದು.

ಸಹಿಸಲಾಗದ ವ್ಯತ್ಯಾಸ ಕಣ್ಣಿಗೆ ಕಾಣದಲ್ಲಿದೆ. ಹೊರಗಿನ ಅಳತೆ ಒಂದೇ ಆಗಿದ್ದರೂ ಕೋಶದ ಗೋಡೆ ಬುಡದ ಕಡೆಗೆ ಹೋದಂತೆ ದಪ್ಪವಾಗುತ್ತದೆ. ಉದ್ದ ಕೋಶವನ್ನು ಮೊಟಕುಮಾಡಿದಾಗ ಹೊಸ ಬಾಯಿ ಆ ದಪ್ಪದ ಭಾಗಕ್ಕೆ ಹತ್ತಿರವಾಗುತ್ತದೆ. ಗುಂಡನ್ನು ಕೂರಿಸಿದರೆ ಹೊರಮೈ ಉಬ್ಬಿ ಗೂಡಿಗೆ ಹೋಗದೆ ನಿಲ್ಲಬಹುದು; ಹೋದರೂ ಒಳಗಿನ ಅವಕಾಶ ಮೂಲದ ಕೋಶಕ್ಕಿಂತ ಕಡಿಮೆ. ಕಪ್ಪು ಮದ್ದಿನ ಕಾಲದಲ್ಲಿ ಕೋಶವನ್ನು ತುಂಬಿಬಿಡುವುದೇ ಅಳತೆಯಾಗಿತ್ತು. ಹೊಗೆಯಿಲ್ಲದ ಮದ್ದು ಹಾಗಲ್ಲ; ಕೋಶದ ಒಂದು ಮೂಲೆಯಲ್ಲಿ ಬಿದ್ದಿರುವಷ್ಟು ಮದ್ದೇ ಸಾಕು. ಅಷ್ಟೇ ಮದ್ದು ಕಿರಿದಾದ ಜಾಗದಲ್ಲಿ ಉರಿದರೆ ಒತ್ತಡ ಏರುತ್ತದೆ. ಮೂಲದ ಕೋಶಕ್ಕೆ ಸರಿಯಾಗಿದ್ದ ಪ್ರಮಾಣ ಬದಲಿ ಕೋಶಕ್ಕೂ ಸರಿ ಎಂದು ನಂಬುವಂತಿಲ್ಲ. ಕೋಶ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಪರೀಕ್ಷಿಸಿ ಪ್ರಕಟಿಸಿದ ಕೋಷ್ಟಕಗಳಿಲ್ಲದೆ ಊಹೆಯಿಂದ ಮುಂದುವರಿಯುವುದು ಈ ವಿದ್ಯೆಯಲ್ಲಿ ನಿಷಿದ್ಧ.

ಗುಂಡಿನ ವಿಷಯವೂ ಕೋಶದೊಂದಿಗೆ ಬೆಸೆದುಕೊಂಡಿದೆ. ಅನೇಕ ವೆಬ್ಲಿಗಳಲ್ಲಿ ಸಿಲಿಂಡರಿನ ಗೂಡುಗಳ ಮುಂಬಾಯಿ ನಳಿಗೆಗಿಂತ ಇಕ್ಕಟ್ಟಾಗಿರುತ್ತದೆ. ಆ ಬಾಯಿಯನ್ನು ಹಾಯ್ದುಬಂದ ಗುಂಡು ನಳಿಗೆಯಲ್ಲಿ ಸಡಿಲವಾಗಬೇಕಷ್ಟೆ. ಹಾಗಾಗದಂತೆ ಮೂಲದ ಸೀಸದ ಗುಂಡಿನ ತಳವನ್ನು ಟೊಳ್ಳಾಗಿ ಮಾಡಿದ್ದರು. ಅನಿಲದ ಒತ್ತಡಕ್ಕೆ ಆ ಟೊಳ್ಳಿನ ಅಂಚು ಅರಳಿ ನಳಿಗೆಯನ್ನು ತುಂಬುತ್ತಿತ್ತು. ದಪ್ಪ ಗೋಡೆಯ ಬದಲಿ ಕೋಶದಲ್ಲಿ ಇಂಥ ಗುಂಡಿನ ಉದ್ದನೆಯ ತಳಕ್ಕೆ ಎಡೆ ಸಾಲದೆ ಹೋಗಬಹುದು. ಕೋಶ, ಗುಂಡು, ಗೂಡು, ನಳಿಗೆ ಇವು ಒಂದೇ ಕುಟುಂಬದವು. ಒಬ್ಬರನ್ನು ಬದಲಿಸಿದರೆ ಉಳಿದವರನ್ನು ವಿಚಾರಿಸಲೇಬೇಕು.

ಕೋಶವನ್ನು ಕೋವಿಗೆ ಹೊಂದಿಸುವ ಈ ತಾಳ್ಮೆಯ ದಾರಿಯನ್ನು ಬಿಟ್ಟು, ಕೋವಿಯನ್ನೇ ಕೋಶಕ್ಕೆ ಹೊಂದಿಸಹೊರಟವರೂ ಇದ್ದರು. ಎರಡನೆಯ ಮಹಾಯುದ್ಧದ ನಂತರ ಹೆಚ್ಚುವರಿಯಾದ ವೆಬ್ಲಿಗಳು ಅಮೆರಿಕದ ಪೇಟೆಗೆ ಅಗ್ಗವಾಗಿ ಬಂದುವು. ಅಲ್ಲಿ .455 ತೋಟಾ ದುರ್ಲಭ, ಸೈನ್ಯದ ಪಿಸ್ತೂಲಿನ.45 ಆಟೋ ತೋಟಾ ಮಾತ್ರ ಎಲ್ಲೆಲ್ಲೂ ಸಿಗುತ್ತಿತ್ತು. ಅದಕ್ಕೆ ಹೊರಚಾಚಿದ ಅಂಚಿಲ್ಲ. ಮೂರು ಮೂರು ತೋಟಾಗಳನ್ನು ಹಿಡಿಯುವ ಅರ್ಧಚಂದ್ರಾಕಾರದ ಉಕ್ಕಿನ ಪಟ್ಟಿಗೆ ಸಿಕ್ಕಿಸಿ ರಿವಾಲ್ವರಿಗೆ ಹಾಕಬೇಕು. ಆ ಪಟ್ಟಿಗೆ ಜಾಗವಾಗಲೆಂದು ವೆಬ್ಲಿಯ ಸಿಲಿಂಡರಿನ ಹಿಂಭಾಗವನ್ನು ಕೆತ್ತಿಹಾಕಿದರು. ತೋಟಾ ಗೂಡಿನಲ್ಲಿ ಚೆನ್ನಾಗಿಯೇ ಕುಳಿತಿತು. ಕೊಂಡವರು ಸಂತೋಷಪಟ್ಟರು.

ಆದರೆ ಒತ್ತಡದ ಅಂಕಿಗಳನ್ನು ಎದುರುಬದುರು ಇಟ್ಟು ನೋಡಿ. .455 ವೆಬ್ಲಿಗೆ ಯೂರೋಪಿನ ನಿಯಮ ವಿಧಿಸಿರುವ ಗರಿಷ್ಠ ಒತ್ತಡ 900 ಬಾರ್, ಎಂದರೆ ಚದರ ಅಂಗುಲಕ್ಕೆ ಸುಮಾರು 13,000 ಪೌಂಡ್. .45 ಆಟೋ ತೋಟಾಕ್ಕೆ ಅಮೆರಿಕದ ಉದ್ಯಮ ಇಟ್ಟುಕೊಂಡಿರುವ ಗರಿಷ್ಠ ಮಿತಿ 21,000 ಪೌಂಡ್. ಒಂದೂವರೆ ಪಟ್ಟಿಗೂ ಮಿಗಿಲು. ವೆಬ್ಲಿಯಾದರೋ ನಡುವೆ ಕೀಲಿನಿಂದ ಮಡಿಸುವ ಕೋವಿ. ನಳಿಗೆಯನ್ನೂ ಚೌಕಟ್ಟನ್ನೂ ಬಿಗಿದು ಹಿಡಿದಿರುವುದು ಮೇಲಿನ ಒಂದು ಕೊಂಡಿ. ಇಂಥ ಕೋವಿ ಮೊದಲ ಹೊಡೆತಕ್ಕೇ ಒಡೆಯದಿರಬಹುದು, ಹತ್ತನೆಯದಕ್ಕೂ ಒಡೆಯದಿರಬಹುದು. ಕೊಂಡಿ ಸಡಿಲವಾಗುತ್ತದೆ, ಕೀಲು ಸವೆಯುತ್ತದೆ, ಗೂಡಿನ ಗೋಡೆ ದಣಿಯುತ್ತದೆ. ಒಂದು ದಿನ ಸಿಲಿಂಡರು ಸೀಳುತ್ತದೆ. ಹೀಗೆ ಒಡೆದ ವೆಬ್ಲಿಗಳುಂಟು. ಇನ್ನೊಂದು ವಿಪರ್ಯಾಸವನ್ನೂ ಗಮನಿಸಬೇಕು. ಒಮ್ಮೆ ಕೆತ್ತಿದ ಸಿಲಿಂಡರಿಗೆ ಅದರ ಸ್ವಂತದ .455 ತೋಟಾ ಹೊಂದುವುದಿಲ್ಲ. ತೆಳು ಅಂಚಿನ ಹಿಂದೆ ಎಡೆ ಹೆಚ್ಚಾಗಿಬಿಟ್ಟಿರುತ್ತದೆ. ಅಂಥ ಕೋವಿಗೆ ಪಟ್ಟಿಯೊಡನೆ .45 ಆಟೋ ಕೋಶವನ್ನೋ, 1920ರಲ್ಲಿ ಬಂದ ದಪ್ಪ ಅಂಚಿನ .45 ಆಟೋ ರಿಮ್ ಕೋಶವನ್ನೋ ಬಳಸಲೇಬೇಕು; ಆದರೆ ಅದರೊಳಗಿನ ಭರ್ತಿ ಮಾತ್ರ ಹಳೆಯ ವೆಬ್ಲಿಯ ಮೆದು ಒತ್ತಡವನ್ನು ಮೀರಬಾರದು. ಕೋಶ ಸರಿ, ಕಾರ್ಖಾನೆಯಲ್ಲಿ ತುಂಬಿದ ತೋಟಾ ಸರಿಯಲ್ಲ ಎಂಬ ಈ ಸೂಕ್ಷ್ಮವನ್ನು ಅಂಗಡಿಯ ಡಬ್ಬಿ ತಿಳಿಸುವುದಿಲ್ಲ.

ಗೂಡಿಗೆ ಹಿಡಿಸಿದುದೆಲ್ಲ ಕೋವಿಗೆ ಹೊಂದಿದುದಲ್ಲ ಎಂಬುದಕ್ಕೆ ರಷ್ಯದ ನಾಗಾಂ ರಿವಾಲ್ವರು ಬೇರೊಂದು ಬಗೆಯ ಸಾಕ್ಷಿ. 1895ರ ಈ ಏಳು ಗುಂಡಿನ ಕೋವಿಯಲ್ಲಿ ಕುದುರೆಯನ್ನು ಎಳೆದಾಗ ಸಿಲಿಂಡರು ಮುಂದಕ್ಕೆ ಸರಿಯುತ್ತದೆ. ಅದರ ಕೋಶ ಸುಮಾರು 39 ಮಿಲಿಮೀಟರ್ ಉದ್ದ. ಗುಂಡು ಕೋಶದೊಳಗೆ ಪೂರ್ತಿ ಅಡಗಿರುತ್ತದೆ. ಕೋಶದ ಬಾಯಿಯೇ ನಳಿಗೆಯ ಹಿಂಬಾಯಿಗೆ ಹೊಕ್ಕು, ಸಾಮಾನ್ಯ ರಿವಾಲ್ವರುಗಳಲ್ಲಿ ಅನಿಲ ಸೋರಿಹೋಗುವ ಸಂದನ್ನು ಮುಚ್ಚಿಬಿಡುತ್ತದೆ. ಇದಕ್ಕೆ ಬದಲಿಯಾಗಿ ಅಮೆರಿಕದ .32-20 ವಿಂಚೆಸ್ಟರ್ ಕೋಶವನ್ನು ರೂಪಿಸಿಕೊಳ್ಳುತ್ತಾರೆ. ಅದರ ಉದ್ದ 33 ಮಿಲಿಮೀಟರ್ ಚಿಲ್ಲರೆ, ನಳಿಗೆಯನ್ನು ಮುಟ್ಟುವುದಿಲ್ಲ. ಕೋವಿ ಹಾರುತ್ತದೆ, ಆದರೆ ಅದರ ವೈಶಿಷ್ಟ್ಯವೇ ಇಲ್ಲವಾಗುತ್ತದೆ. ಇನ್ನು ಕೆಲವರು .32 ಸ್ಮಿತ್ ಅಂಡ್ ವೆಸನ್ ಲಾಂಗ್ ತೋಟಾವನ್ನು ಹಾಗೆಯೇ ಹಾಕುತ್ತಾರೆ. ಅದು ಗೂಡಿಗೆ ಸಡಿಲ. ಹೊರಬಂದ ಕೋಶ ಹೊಟ್ಟೆ ಉಬ್ಬಿರುತ್ತದೆ, ಒಮ್ಮೊಮ್ಮೆ ಸೀಳಿರುತ್ತದೆ. ಮೊದಲನೆಯದು ಅರಿತು ಮಾಡಿಕೊಂಡ ರಾಜಿ, ಎರಡನೆಯದು ಅಜಾಗರೂಕತೆ.

ಹಾಗಾದರೆ ಸರಿಯಾದ ಅಳತೆ ತಿಳಿಯುವುದೆಂತು? ಹೆಸರನ್ನು ನಂಬಿದರೆ ಕೆಟ್ಟೆವು. .38 ಸ್ಪೆಷಲ್ ಎಂಬುದರ ಗುಂಡು .357 ಅಂಗುಲದ್ದು; .44 ಎಂದು ಕರೆಯಿಸಿಕೊಳ್ಳುವವು ನಿಜಕ್ಕೂ .43ರ ಹತ್ತಿರದವು. ತೋಟಾಗಳ ಹೆಸರು ವ್ಯಾಪಾರದ್ದು, ಅಳತೆ ಲೋಹದ್ದು. ಆದುದರಿಂದ ಅನುಭವಿಗಳು ಗೂಡಿನ ಎರಕವನ್ನೇ ತೆಗೆಯುತ್ತಾರೆ. ಬಿಸ್ಮತ್ ಬೆರೆತ ಒಂದು ಮಿಶ್ರಲೋಹವಿದೆ. ಅದು ನೀರು ಕುದಿಯುವುದಕ್ಕಿಂತ ಕಡಿಮೆ ಬಿಸಿಯಲ್ಲಿಯೇ ಕರಗುತ್ತದೆ. ಅದನ್ನು ಖಾಲಿ ಗೂಡಿಗೆ ಹೊಯ್ದರೆ ತಣಿಯುವಾಗ ಕೊಂಚ ಕುಗ್ಗಿ ಹೊರಗೆ ಬರುತ್ತದೆ. ಬಳಿಕ ಒಂದು ಗಂಟೆಯೊಳಗಾಗಿ ಮತ್ತೆ ಹಿಗ್ಗಿ ಗೂಡಿನ ನಿಜವಾದ ಅಳತೆಗೆ ಬರುತ್ತದೆ. ಆ ಎರಕವನ್ನು ಅಳೆದರೆ ಕೋವಿಯೇ ತನ್ನ ಮಾತನ್ನು ಹೇಳಿದಂತೆ. ಹಾಗೆಂದು ಎರಕ ಹೇಳುವುದು ಗಾತ್ರವನ್ನು ಮಾತ್ರ, ಲೋಹದ ಬಲವನ್ನಲ್ಲ. ಒಳಬಿರುಕು, ಸಡಿಲಾದ ಕೀಲು ಇವನ್ನು ಪರೀಕ್ಷಿಸಲು ಕೋವಿಯ ಕಸಬು ಬಲ್ಲವನೇ ಬೇಕು.

ಬದಲಿ ಯಾಕೆ, ಹಳೆಯ ಮೂಲದ ಕೋಶಗಳನ್ನೇ ಹುಡುಕಿ ಬಳಸಬಾರದೇ ಎಂಬ ಪ್ರಶ್ನೆ ಸಹಜ. ಹಿತ್ತಾಳೆಗೂ ಆಯುಸ್ಸು ಇದೆ ಎಂಬುದೇ ಇದಕ್ಕೆ ಉತ್ತರ. ಅದನ್ನು ಲೋಕ ಕಲಿತ ಕಥೆಗೆ ನಮ್ಮ ದೇಶದ ನಂಟೂ ಇದೆ. ಬ್ರಿಟಿಷರ ಆಳ್ವಿಕೆಯಲ್ಲಿ ಭಾರತದಲ್ಲಿದ್ದ ಸೈನ್ಯ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆಲಾಯಗಳಲ್ಲಿ ಇಡುತ್ತಿತ್ತು. ಮಳೆ ಕಳೆದು ತೆಗೆದು ನೋಡಿದರೆ ಎಷ್ಟೋ ಕೋಶಗಳು ತಾವಾಗಿ ಬಿರುಕುಬಿಟ್ಟಿರುತ್ತಿದ್ದುವು. ಋತುವಿನೊಂದಿಗೆ ಬರುವ ಬಿರುಕೆಂದು ಅದಕ್ಕೆ ಹೆಸರಿಟ್ಟರು. 1921ರಲ್ಲಿ ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರು ವಿಜ್ಞಾನಿಗಳು ಕಾರಣವನ್ನು ವಿವರಿಸಿದರು: ಕುದುರೆಗಳ ಮೂತ್ರದಿಂದ ಏಳುವ ಅಮೋನಿಯ ಒಂದು ಕಡೆ, ತಣ್ಣಗಿರುವಾಗಲೇ ಎಳೆದು ರೂಪಿಸಿದ ಹಿತ್ತಾಳೆಯಲ್ಲಿ ಉಳಿದ ಒಳಬಿಗುವು ಇನ್ನೊಂದು ಕಡೆ, ಎರಡೂ ಸೇರಿ ಲೋಹ ಸೀಳುತ್ತಿತ್ತು. ಹದವಾಗಿ ಕಾಯಿಸಿದರೆ ಆ ಒಳಬಿಗುವು ಇಳಿಯುತ್ತದೆ. ಇದರ ಜೊತೆಗೆ ಹಳೆಯ ಕೇಪುಗಳಲ್ಲಿ ಪಾದರಸದ ಸಂಯುಕ್ತವಿರುತ್ತಿತ್ತು. ಒಮ್ಮೆ ಹಾರಿಸಿದರೆ ಆ ಪಾದರಸ ಹಿತ್ತಾಳೆಯೊಡನೆ ಬೆರೆತು ಅದನ್ನು ಹಪ್ಪಳದಂತೆ ಪೆಡಸುಮಾಡುತ್ತದೆ. ಆದುದರಿಂದ ಅಜ್ಜನ ಪೆಟ್ಟಿಗೆಯಲ್ಲಿ ದೊರೆತ ಹಳೆಯ ಕೋಶ ಗಾಜಿನ ಬೀರುವಿಗೆ ಶೋಭೆಯೇ ಹೊರತು ಗೂಡಿಗೆ ಅಲ್ಲ.

ಕೋಶದ ಈ ಪ್ರಶ್ನೆ ಕಾನೂನಿನ ಬಾಗಿಲನ್ನೂ ತಟ್ಟಿದೆ. ಬ್ರಿಟನ್ನಿನಲ್ಲಿ 1997ರ ನಂತರ ಕೈಕೋವಿಗಳನ್ನು ಇಟ್ಟುಕೊಳ್ಳುವುದು ಬಹುಮಟ್ಟಿಗೆ ನಿಷಿದ್ಧ. ಆದರೆ ತೋಟಾ ಸಿಗದೆ ಹೋದ ಪ್ರಾಚೀನ ಕೋವಿಗಳನ್ನು ಅಲಂಕಾರದ ವಸ್ತುವಾಗಿ ಇಟ್ಟುಕೊಳ್ಳಲು ವಿನಾಯಿತಿ ಇತ್ತು, ಈಗಲೂ ಇದೆ. ಎಂದರೆ ತೋಟಾದ ಅಭಾವವೇ ಅಲ್ಲಿ ಪ್ರಾಚೀನತೆಯ ಒಂದು ಲಕ್ಷಣ. ಬದಲಿ ಕೋಶಗಳಿಂದ ತೋಟಾ ಮಾಡಿಕೊಂಡು ದುಷ್ಕರ್ಮಿಗಳು ಅಂಥ ಕೋವಿಗಳನ್ನು ಬಳಸತೊಡಗಿದಾಗ ಈ ಲಕ್ಷಣ ಕುಸಿಯಿತು. 2021ರ ಮಾರ್ಚಿಯಲ್ಲಿ ಜಾರಿಗೆ ಬಂದ ನಿಯಮಗಳು ಫ್ರೆಂಚರ 1873ರ 11 ಮಿಲಿಮೀಟರ್ ರಿವಾಲ್ವರಿನದೂ ಸೇರಿದಂತೆ ಏಳು ಬಗೆಯ ತೋಟಾಗಳನ್ನು ವಿನಾಯಿತಿಯ ಪಟ್ಟಿಯಿಂದ ಹೊರಗಿಟ್ಟವು. ನಿಜವಾದ ಸಂಗ್ರಾಹಕರೂ ಅದರ ಫಲವನ್ನು ಉಣ್ಣಬೇಕಾಯಿತು. ನಮ್ಮ ದೇಶದಲ್ಲಂತೂ 1959ರ ಆಯುಧ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಕೋವಿಯನ್ನು ಇಟ್ಟುಕೊಳ್ಳುವುದು ಮಾತ್ರವಲ್ಲ, ತೋಟಾ ತಯಾರಿಸುವುದೂ ಅಪರಾಧ. ಮನೆಯ ಅಟ್ಟದಲ್ಲಿ ಹಳೆಯ ರಿವಾಲ್ವರು ಕಂಡುಬಂದರೆ ಅದಕ್ಕೆ ತೋಟಾ ಹುಡುಕುವುದಲ್ಲ, ಅಧಿಕಾರಿಗಳಿಗೆ ತಿಳಿಸುವುದು ಮೊದಲ ಕೆಲಸ.

ಕೊನೆಯದಾಗಿ ಒಂದು ಸಣ್ಣ ಸಂಗತಿ. ಪ್ರತಿಯೊಂದು ಕೋಶದ ಬುಡದಲ್ಲೂ ಅದರ ಹೆಸರಿನ ಮುದ್ರೆ ಇರುತ್ತದೆ. ಕೋಲ್ಟ್ ಕೋಶವನ್ನು ಕತ್ತರಿಸಿ ವೆಬ್ಲಿಗೆ ಹೊಂದಿಸಿದ ಮೇಲೆಯೂ ಆ ಮುದ್ರೆ ಕೋಲ್ಟ್ ಎಂದೇ ಹೇಳುತ್ತಿರುತ್ತದೆ. ಮಾಡಿದವನಿಗೆ ನೆನಪಿರಬಹುದು, ಅವನ ನಂತರ ಆ ಪೆಟ್ಟಿಗೆಯನ್ನು ತೆರೆಯುವ ಮಗನಿಗೋ ಮೊಮ್ಮಗನಿಗೋ ಅದು ತಿಳಿಯುವುದಿಲ್ಲ. ಆದುದರಿಂದ ಯಾವ ಕೋಶದಿಂದ, ಯಾವ ಕೋವಿಗೆಂದು, ಎಂಥ ಭರ್ತಿಯಿಂದ ಮಾಡಿದುದೆಂದು ಡಬ್ಬಿಯ ಮೇಲೆ ಬರೆದಿಡುವುದು ಈ ಹವ್ಯಾಸದ ಶಿಷ್ಟಾಚಾರ. ಕೆತ್ತಿದ ವೆಬ್ಲಿಯನ್ನು ಕೊಂಡವರಿಗೂ ಇಂಥ ಒಂದು ಚೀಟಿ ದೊರೆತಿದ್ದರೆ ಎಷ್ಟೋ ಕೋವಿಗಳೂ ಕೈಗಳೂ ಉಳಿಯುತ್ತಿದ್ದುವು. ಹಿತ್ತಾಳೆಯ ಕೋಶ ಕೆಟ್ಟರೆ ಇನ್ನೊಂದನ್ನು ಮಾಡಿಕೊಳ್ಳಬಹುದು; 1915ರ ಸಿಲಿಂಡರನ್ನು ಇನ್ನೊಮ್ಮೆ ಮಾಡಿಕೊಡುವವರಿಲ್ಲ. ಕತ್ತರಿಸುವುದಿದ್ದರೆ, ಕಡೆಯುವುದಿದ್ದರೆ, ಮತ್ತೆ ಸಿಗುವುದನ್ನೇ ಕಡೆಯೋಣ.